ಗಾಳಿಗೆ ತಿರುಗಿದ ಮೀಟರ್

ಮುಳಬಾಗಿಲಿನಲ್ಲಿ ನಮ್ಮ ಬೀದಿ ಏರಿನಲ್ಲಿದೆ. ವಾಲ್ವ್ ತಿರುಗಿಸಿದಾಗ ಮೊದಲು ಕೊಳಾಯಿ ಬುಸುಗುಡುತ್ತದೆ, ಆಮೇಲೆ ನೀರು. ಕೆಲವು ದಿನ ಬರೀ ಬುಸುಗುಡುವುದೇ. ಆ ಸದ್ದು ಕೇಳಲೆಂದೇ ಎಲ್ಲರೂ ಕೊಳಾಯಿ ತೆರೆದು, ಕೆಳಗೆ ಬಿಂದಿಗೆ ಇಟ್ಟು, ಒಳಗೆ ಕೆಲಸ ನೋಡಿಕೊಳ್ಳುತ್ತೇವೆ.

ಸ್ಮಾರ್ಟ್ ಮೀಟರ್ ಹಾಕಿದಾಗ ನಾನು ವಾರ್ಡ್ ಸಮಿತಿಯಲ್ಲಿದ್ದೆ. ಮನೆಮನೆಗೆ ಹೋಗಿ ವಿವರಿಸಿದವನು ನಾನೇ.

"ಯಾರಿಗೆ ಎಷ್ಟು ನೀರು ಬಂತು ಅಂತ ಬ್ಲಾಕ್‌ಚೈನ್‌ನಲ್ಲಿ ದಾಖಲಾಗುತ್ತೆ ಆಪಾ," ಎಂದೆ ಎದುರು ಮನೆಯಾಕೆಗೆ. "ಒಂದೇ ದಾಖಲೆ ಎಷ್ಟೋ ಕಂಪ್ಯೂಟರಲ್ಲಿರುತ್ತೆ. ಯಾರೂ ಅಳಿಸೋಕಾಗಲ್ಲ."

"ವಾಲ್ವ್‌ಮ್ಯಾನ್ ಸುಳ್ಳು ಹೇಳೋಕೂ ಆಗಲ್ವಾ?"

"ಆಗಲ್ಲ."

"ಹಂಗಾದ್ರೆ ನಮ್ಮನೆಗೆ ಎರಡು ಹಾಕ್ಸು ಭಾಯ್," ಎಂದು ನಕ್ಕರು.

ಈ ಬೇಸಿಗೆಯಲ್ಲಿ ನಾಲ್ಕು ದಿನ ಏರಿಗೆ ನೀರು ಹತ್ತಲಿಲ್ಲ. ಆಪಾ ಮನೆಯಲ್ಲಿ ಮಗಳು ಹಸಿ ಬಾಣಂತಿ. ಟ್ಯಾಂಕರ್ ಬಂದು ತಿರುವಿನಲ್ಲೇ ನಿಂತಿತು. ಡ್ರೈವರ್ ಫೋನ್ ನೋಡಿದ. "ನಿಮ್ ಬೀದಿಗೆ ನೀರು ಬಂದೈತೆ ಅಂತ ತೋರಿಸ್ತೈತೆ. ಇಲ್ಲಿ ನೀರು ಬಿಟ್ರೆ ನನ್ ಕೆಲಸ ಹೋಗ್ತದೆ," ಎಂದು ಗಾಡಿ ತಿರುಗಿಸಿದ.

ಆಪಾ ಮನೆಯ ಮೀಟರ್ ಮುಂದೆ ಕುಳಿತೆ. ಬಿಂದಿಗೆ ಒಣಗಿತ್ತು. ಕೊಳಾಯಿ ಬುಸ್ಸೆಂದಾಗ ಅದರ ಬಾಯಿಗೆ ಪ್ಲಾಸ್ಟಿಕ್ ಕವರ್ ಹಿಡಿದೆ. ಬರೀ ಗಾಳಿಗೆ ಕವರ್ ಉಬ್ಬಿತು. ಮೀಟರಿನ ಅಂಕಿ ಓಡಿತು. ಒಂದು ಹನಿಯೂ ಬೀಳಲಿಲ್ಲ.

ಕವರಿಗೆ ಗಂಟು ಹಾಕಿ, ನಗರಸಭೆ ಕಚೇರಿಗೆ ಒಯ್ದು ಎಂಜಿನಿಯರ್ ಮೇಜಿನ ಮೇಲಿಟ್ಟೆ.

"ನೀವು ಕೊಟ್ಟ ನೀರು ಸಾರ್."

ಅವರು ಸಿಟ್ಟಾಗಲಿಲ್ಲ. ಪರದೆ ನನ್ನ ಕಡೆ ತಿರುಗಿಸಿದರು. ನಮ್ಮ ಮನೆಗಳೆಲ್ಲ ಹಸಿರು, ನೀರು ಬಂದಿದೆ ಎಂದು. "ಒಮ್ಮೆ ದಾಖಲಾದ್ರೆ ತಿದ್ದೋಕೆ ಬರಲ್ಲ. ಅದೇ ಇದರ ಹೆಚ್ಚುಗಾರಿಕೆ. ಕೊಳಾಯಿ ಯಾಕೆ ತೆರೆದಿಟ್ಟಿರಿ? ಮುಚ್ಚಿ."

"ಮುಚ್ಚಿದ್ರೆ ನೀರು ಬಂದಿದ್ದು ಗೊತ್ತಾಗೋದು ಹೇಗೆ?"

"ಆ್ಯಪ್‌ನಲ್ಲಿ ಬರುತ್ತಲ್ಲ."

ಅವರ ತಲೆಯ ಹಿಂದೆ 'ಸುಸ್ಥಿರ ನಗರ' ಎಂಬ ಫಲಕವಿತ್ತು. ಹಳೆಯ ವಾಲ್ವ್‌ಮ್ಯಾನ್ ತನ್ನ ನೋಟ್‌ಬುಕ್ಕಿನಲ್ಲಿ ಸುಳ್ಳು ಬರೆಯುತ್ತಿದ್ದ, ನಿಜ. ಆದರೆ ಅವನ ಅಂಗಿ ಹಿಡಿದು ಬೀದಿಗೆ ಕರೆತಂದು, ಖಾಲಿ ಬಿಂದಿಗೆ ತೋರಿಸಿ, ಅದೇ ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿಸಬಹುದಿತ್ತು. ಇಲ್ಲಿ ಯಾರ ಅಂಗಿ ಹಿಡಿಯಲಿ? ಅಳಿಸಲಾಗದ್ದೆಲ್ಲ ನಿಜ ಎಂದು ಮನೆಮನೆಗೂ ಹೇಳಿ ಬಂದವನು ನಾನು.

ಆಪಾ ಬಾಗಿಲಲ್ಲೇ ಕಾಯುತ್ತಿದ್ದರು. ಪಕ್ಕದಲ್ಲಿ ಮಗುವಿನ ಒಗೆಯದ ಬಟ್ಟೆಯ ಬುಟ್ಟಿ.

"ಟ್ಯಾಂಕರ್?"

"ಅಳಿಸೋಕಾಗಲ್ವಂತೆ ಆಪಾ."

"ಅದು ನೀನೇ ಹೇಳಿದ್ದಲ್ವಾ ಭಾಯ್."

ಕುಹಕವಿರಲಿಲ್ಲ. ಒಳಗೆ ಹೋಗಿ ಎರಡು ಬಿಂದಿಗೆ ತಂದು, ಒಂದನ್ನು ನನ್ನ ಕೈಗಿಟ್ಟರು. ನೀರು ಕೇಳಲು ಏರಿನ ಕೆಳಗಿನ ಬೀದಿಯ ಕಡೆ ನಡೆದೆವು. ಹಿಂದೆ ಅವರ ಕೊಳಾಯಿ ಇನ್ನೂ ಬುಸುಗುಡುತ್ತಿತ್ತು.