ಯಲ್ಲವ್ವನ ಕೈಯ ಅಳತೆ

ಸುಜಾತಾ ಯಾರನ್ನೇ ಭೇಟಿಯಾದರೂ ಮುಖಕ್ಕಿಂತ ಮೊದಲು ಕೈ ನೋಡುತ್ತಿದ್ದಳು. ನಮಸ್ಕಾರಕ್ಕೆಂದು ಜೋಡಿಸಿದ ಕೈಯನ್ನೇ ಹಿಡಿದು, ಅಡ್ಡ ತಿರುಗಿಸಿ, ಹೆಬ್ಬೆರಳಿನ ಬುಡದ ದಪ್ಪವನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. ಭವಿಷ್ಯ ಹೇಳುವವಳೇನೋ ಎಂದು ನಕ್ಕವರಿದ್ದಾರೆ. ನನಗೆ ನಗು ಬರುವುದಿಲ್ಲ. ಆ ಅಭ್ಯಾಸ ಅವಳಿಗೆ ಅಂಟಿದ್ದು ತಿರ್ಲಾಪುರದ ಕಣದಲ್ಲಿ, ನನ್ನ ಕಣ್ಣೆದುರಿಗೆ. ಅಂದಿನ ತಪ್ಪಿನಲ್ಲಿ ನನಗೂ ಪಾಲಿದೆ.

ನವಲಗುಂದದಲ್ಲಿ ಮೌನೇಶ ಕಾಕಾನ ವೆಲ್ಡಿಂಗ್ ಅಂಗಡಿಗೆ ಹೊಂದಿಕೊಂಡ ತಗಡಿನ ಕೋಣೆಯೇ ಅವಳ ಕಚೇರಿ. ಕೂಲಿ ಮಾಡಿ ಓದಿಸಿದ ತಾಯಿಯ ಮಗಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಳು. ಕಾಕಾ ಕಟ್ಟುವ ಕೃಷಿ ಸಲಕರಣೆಗಳ ನಕ್ಷೆಯೆಲ್ಲ ಅವಳದು, ಹೊಗಳಿಕೆಯೆಲ್ಲ ಕಾಕಾನಿಗೆ. ಇಂಥ ಮನೆಯ ಹೆಣ್ಣುಮಗಳು ಯಂತ್ರ ರೂಪಿಸಬಲ್ಲಳೆಂದು ಒಪ್ಪಲು ಊರಿನ ದೊಡ್ಡವರಿಗೆ ಮನಸ್ಸಿರಲಿಲ್ಲ. ಅದು ಅನ್ಯಾಯವೆಂದು ನಾನು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಅವಳಲ್ಲಿದ್ದುದು ಒಂದು ಹಳೆಯ ಲ್ಯಾಪ್‌ಟಾಪ್. ನಕ್ಷೆ ಬರೆಯುವ ಕ್ಯಾಡ್ ತಂತ್ರಾಂಶ ಬ್ರೌಸರಿನಲ್ಲೇ ತೆರೆದುಕೊಳ್ಳುತ್ತಿತ್ತು, ನಕ್ಷೆಗಳೆಲ್ಲ ಕ್ಲೌಡ್‌ನಲ್ಲಿ. ಇಲ್ಲಿ ಒಂದು ಅಂಕಿ ತಿದ್ದಿದರೆ ಪಕ್ಕದಲ್ಲಿ ಕಾಕಾನ ಫೋನಿನೊಳಗಿನ ನಕ್ಷೆಯೂ ಬದಲಾಗುತ್ತಿತ್ತು. ಶಾಲೆಯಿಂದ ನಿವೃತ್ತಳಾದ ಮೇಲೆ ಕುತೂಹಲಕ್ಕೆ ನಾನೂ ಅವಳ ಬಳಿ ಕಲಿಯಲು ಕುಳಿತೆ.

"ನೀಲಿ ಗೆರಿ ಇನ್ನೂ ಅಲ್ಲಾಡತಾವ್ರಿ ಅಕ್ಕಾರ. ಅಳತಿ ಪೂರಾ ಕೊಟ್ಟ ಮ್ಯಾಲ ಕಪ್ಪಾಗತಾವು. ಅಲ್ಲೀತನಕಾ ನಂಬಬ್ಯಾಡ್ರಿ" ಎನ್ನುತ್ತಿದ್ದಳು. ನಾನು ಅವಸರಪಟ್ಟು ಮೂಲೆಗಳನ್ನು ದುಂಡಾಗಿಸಹೋದರೆ ಗದರುತ್ತಿದ್ದಳು: "ಅದು ಅಗದಿ ಕಡೀಕ್ರಿ!" ಬರಿಯ ಅಂಕಿ ಬರೆದರಂತೂ ಸಹಿಸುತ್ತಿರಲಿಲ್ಲ. "ಪ್ರತಿ ಅಳತಿಗೂ ಒಂದು ಹೆಸರಿಡ್ರಿ. ನಾಳೆ ನಾ ಇಲ್ಲಂದ್ರ ಈ ನಲವತ್ತು ಯಾತರದು ಅಂತ ಯಾರ್ನ ಕೇಳ್ತೀರಿ?"

ಕಾಕಾನಿಗೆ ಮಿಲಿಮೀಟರ್ ಎಂದರೆ ತಲೆನೋವು. ಅವನ ಲೆಕ್ಕವೆಲ್ಲ ಬೆರಳು, ಗೇಣುಗಳಲ್ಲಿ. ಅವನಿಗಾಗಿ ಸುಜಾತಾ ಆ ತಂತ್ರಾಂಶದೊಳಗೇ ತನ್ನದೊಂದು ಪುಟ್ಟ ಪ್ರೋಗ್ರಾಂ ಬರೆದಿದ್ದಳು. 'ಎರಡು ಬೆರಳು' ಎಂದು ಕೊಟ್ಟರೆ ಅದೇ ಮಿಲಿಮೀಟರಿಗೆ ಇಳಿಸಿ ಗೆರೆ ಹಾಕುತ್ತಿತ್ತು. ಆ ಬೆರಳಿನ ಅಳತೆಯನ್ನು ಅವಳು ತೆಗೆದುಕೊಂಡದ್ದು ಕಾಕಾನ ಕೈಯಿಂದ.

ಆ ವರ್ಷ ನಾನು ಕಾಳು ಒಕ್ಕಿ ರಾಶಿ ಮಾಡುವ ಮಶೀನುಗಳ ವಿರುದ್ಧ ಮನವಿ ಹಿಡಿದು ಅಲೆಯುತ್ತಿದ್ದೆ. ಮಶೀನಿನ ಪಕ್ಕದ ಬಾಯಿಯಲ್ಲಿ ಕಡಲೆ ಗಿಡ ಸಿಕ್ಕಿಕೊಂಡಾಗ ಕೈ ಹಾಕಿ ಎಳೆಯುವವರು ಕೂಲಿ ಹೆಂಗಸರು. ಆ ಬಾಯಿಗೆ ಜಾಲರಿ ಇಲ್ಲದೆ ಮಾರುವುದು ತಪ್ಪು, ಕೊಳ್ಳುವುದು ತಪ್ಪು, ಕೈ ಹೋದಾಗ ಅವಳದೇ ಅಜಾಗರೂಕತೆ ಎನ್ನುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನಾನು ಕೇಳಿದ ಮೇಲೆ ಸುಜಾತಾ ಕಬ್ಬಿಣದ ಸರಳುಗಳ ಜಾಲರಿಯೊಂದನ್ನು ರೂಪಿಸಿದಳು. ಸರಳುಗಳ ನಡುವೆ ಎರಡು ಬೆರಳು ಸಂದು. ಕಾಕಾ ತನ್ನ ಕೈ ತೂರಿಸಿ ನೋಡಿದ. ಬೆರಳ ಗಂಟಿಗೇ ಸಿಕ್ಕಿಕೊಂಡಿತು. ಆ ಫೋಟೊ ನನಗೆ ಬಂತು. ಸಂತೋಷದಿಂದ 'ಒಪ್ಪಿಗೆ' ಎಂದು ಬರೆದೆ. ಆರು ಜಾಲರಿಗಳು ಸಿದ್ಧವಾದವು.

ಮೊದಲನೆಯದು ತಿರ್ಲಾಪುರದ ಒಂದು ಮಶೀನಿಗೆ ಕೂತಿತು. ಬೆಳಿಗ್ಗೆ ನಾವಿಬ್ಬರೂ ಹೋಗಿದ್ದೆವು. ಟ್ರ್ಯಾಕ್ಟರ್ ಅಬ್ಬರಿಸುತ್ತಿತ್ತು, ಹೊಟ್ಟಿನ ಧೂಳಿನಲ್ಲಿ ಕಣ್ಣು ಬಿಡುವಂತಿರಲಿಲ್ಲ. ಗಿಡ ಸಿಕ್ಕಿಕೊಂಡಿತು. "ಜಗ್ಗ ಬೇ, ಲಗೂನ ಜಗ್ಗ!" ಎಂದು ಮಾಲಕ ಕೂಗಿದ. ಪಕ್ಕದಲ್ಲಿದ್ದ ಕೂಲಿಯಾಕೆ ಯಲ್ಲವ್ವ ಎಂದಿನಂತೆ ಕೈ ಹಾಕಿದಳು.

ಕೈ ಸರಳುಗಳ ನಡುವೆ ಸಲೀಸಾಗಿ ಒಳಗೆ ಹೋಯಿತು.

"ಬಂದ್ ಮಾಡ್ರಿ! ಬಂದ್!" ಸುಜಾತಾಳ ಕೂಗು ಡ್ರೈವರನಿಗೆ ಕೇಳಿಸಲಿಲ್ಲ. ಅವಳೇ ಓಡಿ ಟ್ರ್ಯಾಕ್ಟರ್ ಹತ್ತಿ ಎಂಜಿನ್ ನಿಲ್ಲಿಸಿದಳು. ಒಳಗಿನ ಉರುಳೆ ತಿರುಗಿ ತಿರುಗಿ ನಿಂತಿತು. ಯಲ್ಲವ್ವ ಕೈ ಹೊರಗೆಳೆದಳು. ಮಣಿಕಟ್ಟಿನ ತುಂಬ ರಕ್ತ. ಬೆರಳು ಐದೂ ಇದ್ದವು. ಹಸಿರು ಗಾಜಿನ ಬಳೆಗಳು ಸರಳಿಗೆ ತಡೆದು ಒಡೆದಿದ್ದವು. ಕೈ ಮುಂದಕ್ಕೆ ಹೋಗದಂತೆ ಹಿಡಿದದ್ದು ಅವೇ.

"ಮಶೀನ್ ಬಾಜೂಕ ಬಳಿ ಹಾಕ್ಕೊಂಡ ಬಂದ್ರ ಹಿಂಗ ಆಗೂದು" ಎಂದ ಮಾಲಕ.

"ಬಳಿ ಇದ್ದದ್ದಕ್ಕ ಕೈ ಉಳೀತ್ರಿ ಧಣ್ಯಾರ" ಎಂದಳು ಯಲ್ಲವ್ವ, ಸೆರಗಿನಿಂದ ರಕ್ತ ಒರೆಸಿಕೊಳ್ಳುತ್ತ. "ನಿಮ್ಮ ಜಾಳಗಿ ಉಳಸಲಿಲ್ಲ."

ನಾನು ಮಾಲಕನನ್ನು ಬೈಯಲು ಬಾಯಿ ತೆರೆದೆ. ಸುಜಾತಾ ತಡೆದಳು. "ಭಾಷಣ ಆಮ್ಯಾಲ ಮಾಡ್ರಿ ಅಕ್ಕಾರ. ತಪ್ಪು ನಂದೈತಿ. ನಾ ಕಾಕಾನ ಬೆರಳು ಅಳದೆ, ಇವರ ಕೈ ನೋಡಲೇ ಇಲ್ಲ." ಗಂಡಸಿನ ದೇಹವನ್ನೇ ಮನುಷ್ಯರ ಅಳತೆಯೆಂದು ನಂಬುವುದರ ವಿರುದ್ಧ ಎಷ್ಟೋ ಸಭೆಗಳಲ್ಲಿ ಮಾತಾಡಿದವಳು ನಾನು. ಅದೇ ತಪ್ಪಿಗೆ ಒಪ್ಪಿಗೆ ಬರೆದವಳೂ ನಾನೇ.

ಅವಳು ಆಗಲೇ ಕಾಕಾನಿಗೆ ಫೋನ್ ಹಚ್ಚಿದ್ದಳು. ಉಳಿದ ಐದು ಜಾಲರಿಗಳು ಅಂದೇ ಬೇರೆ ಊರುಗಳಿಗೆ ಹೊರಡಲಿದ್ದವು.

"ಕಾಕಾ, ಒಂದೂ ಕಳಸಬ್ಯಾಡ್ರಿ."

"ಲೇ, ಗಾಡಿಗೆ ಹಾಕಿ ಆಗೇತಿ! ನನ್ನ ಕೈ ಒಳಗ ಹೋಗಲಿಲ್ಲಲ್ಲ?"

"ನಿಮ್ಮ ಕೈ ಯಾವ ಮಶೀನಿನ ಬಾಜೂಕ ಕೆಲಸ ಮಾಡತೈತ್ರಿ?"

ಆ ಕಡೆ ಗಾಡಿಯ ಹಿಂಬಾಗಿಲು ತೆರೆದ ಸದ್ದು. ಆಮೇಲೆ, "ಇಳಸ್ತೀನಿ, ತಂಗಿ."

ಯಲ್ಲವ್ವನ ಗಾಯಕ್ಕೆ ಪಟ್ಟಿ ಕಟ್ಟಿಸಿ ತಂದ ಮೇಲೆ, ಕಣದಲ್ಲಿದ್ದ ಪ್ರತಿ ಹೆಂಗಸಿನ ಕೈಯನ್ನೂ ಸುಜಾತಾ ಅಳೆದಳು. ಹೊಟ್ಟಿನ ರಾಶಿಯ ಮೇಲೆ ಕುಳಿತು, ಹೋಗಿ ಬರುವ ನೆಟ್‌ವರ್ಕಿಗೆ ಕಾದು, ಸಂದನ್ನು ಕಿರಿದು ಮಾಡಿದಳು. 'ಎರಡು ಬೆರಳು' ಎಂದಿದ್ದ ಹೆಸರನ್ನು ಅಳಿಸಿ 'ಯಲ್ಲವ್ವ' ಎಂದು ಬರೆದಳು.

ಮುಂದೆ ಬೇರೆ ಜಿಲ್ಲೆಯ ತರಬೇತಿ ಕೇಂದ್ರವೊಂದರಲ್ಲಿ ಅವಳಿಗೆ ಕಲಿಸುವ ಕೆಲಸ ಸಿಕ್ಕಿತು. ನವಲಗುಂದದ ಬಸ್ ನಿಲ್ದಾಣದಲ್ಲಿ ಬೀಳ್ಕೊಡಲು ಹೋದೆ. ಕಿಟಕಿಯಿಂದ ನನ್ನ ಕೈ ಹಿಡಿದವಳು ಅದನ್ನು ಅಡ್ಡ ತಿರುಗಿಸಿದಳು. ಮುಖದ ಮೇಲಿನ ನಗು ಹೋಯಿತು. ಕಣದಲ್ಲಿ ಅವಳು ನನ್ನ ಕೈ ಅಳೆದಿರಲಿಲ್ಲ. ನಾನು ಮಶೀನಿನ ಪಕ್ಕ ದುಡಿಯುವವಳಲ್ಲವಲ್ಲ.

"ಅಕ್ಕಾರ, ನಿಮ್ಮ ಕೈ ಯಲ್ಲವ್ವಕ್ಕನ ಕೈಕಿಂತ ಸಣ್ಣದೈತ್ರಿ."

ಬಸ್ಸು ಹೊರಟಿತು. ಅವಳು ಕೈ ಬೀಸಲಿಲ್ಲ. ತಲೆ ತಗ್ಗಿಸಿ ಫೋನಿನಲ್ಲಿ ಅಂಕಿ ತಿದ್ದುತ್ತಿದ್ದಳು.

ಆಮೇಲೆ ನಾನವಳನ್ನು ಕಂಡಿಲ್ಲ. ಆದರೂ ಒಮ್ಮೊಮ್ಮೆ ನಾನು ಅಂಗಡಿಯಲ್ಲಿ ಕೂತಿರುವಾಗಲೇ ಕಾಕಾನ ಫೋನು ಸದ್ದು ಮಾಡುತ್ತದೆ. ನಕ್ಷೆ ತೆರೆದು ನೋಡುತ್ತಾನೆ. ಸಂದು ಮತ್ತೊಂದು ಮಿಲಿಮೀಟರ್ ಕಿರಿದಾಗಿರುತ್ತದೆ.

"ಅಲ್ಲಿ ಯಾರೋ ಸಣ್ಣ ಕೈಯಾಕಿ ಸಿಕ್ಕಾಳ ನೋಡ್ರಿ ಅಕ್ಕಾರ" ಎನ್ನುತ್ತ, ಅಂದೇ ಬೆಸೆದ ಸರಳುಗಳನ್ನು ಕತ್ತರಿಸಲು ಏಳುತ್ತಾನೆ.