ಒಣದ್ರಾಕ್ಷಿ ಶೆಡ್ಡಿನ ಕಳವು

ಮಕ್ಕಳಿಗಾಗಿ ಒಂದು ಪತ್ತೇದಾರಿ ಕಾದಂಬರಿ ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಅದರಲ್ಲಿ ಹುಡುಗರು ತಮಾಷೆಗೆಂದು ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಬಚ್ಚಿಟ್ಟ ಶಾಲೆಯ ಗಂಟೆ ಅಲ್ಲಿಂದಲೂ ಮಾಯವಾಗುತ್ತದೆ. ರಾತ್ರಿ ಕಳುವಾಯಿತೆಂದು ಊರೆಲ್ಲ ನಂಬಿ, ರಾತ್ರಿ ಕಾವಲಿನ ವಾಚ್‌ಮನ್‌ನನ್ನೇ ಶಂಕಿಸುತ್ತದೆ. ಆದರೆ ಒಂದು ಸಾಲಿನ ದ್ರಾಕ್ಷಿ ಮಾತ್ರ ಹಸಿರು ಉಳಿಯದೆ ಕೆಂಪಾಗಿದೆ. ನೆರಳಿನ ಪರದೆ ಎತ್ತಿದಾಗ ಬಿಸಿಲು ಬಿದ್ದರೆ ಹಾಗಾಗುತ್ತದೆ. ಅಂದರೆ ಕಳ್ಳ ಬಂದದ್ದು ಹಾಡಹಗಲೇ! ಇದು ಹೊಳೆದ ದಿನ ಅಥಣಿಯ ನಮ್ಮ ಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದ್ದೆ.

ನಿಪ್ಪಾಣಿಯಲ್ಲಿ ನನ್ನ ಹಳೆಯ ಗೆಳತಿಯಿದ್ದಾಳೆ, ಮರಾಠಿ ಶಾಲೆಯ ಶಿಕ್ಷಕಿ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ, ಪುಸ್ತಕದ ಕನ್ನಡ ಪೂರ್ತಿ ತಿಳಿಯುವುದೂ ಇಲ್ಲ. ಹಾಗಾಗಿ ಪ್ರತಿ ಭಾನುವಾರ ಫೋನಿನಲ್ಲಿ ಒಂದೊಂದು ಅಧ್ಯಾಯವನ್ನು ನಾನೇ ಮರಾಠಿ ಮಾಡಿ ಹೇಳುತ್ತಿದ್ದೆ.

"ಕಳ್ಳ ಯಾರಂತ ಹೇಳ ಬೇ, ತಡಿಯಾಕ ಆಗವಲ್ದು" ಎಂದು ಅವಳು ಗೋಗರೆದಾಗ ನಾನು ಉಬ್ಬಿಹೋಗಿ ಕೊನೆಯನ್ನೂ ಹೇಳಿಬಿಟ್ಟೆ. ಎಂಥ ದಡ್ಡಿ ನಾನು!

ಅಚ್ಚಿಗೆ ಕೊಡುವ ಮುನ್ನ ಒಂದೇ ಪರೀಕ್ಷೆ ಉಳಿದಿತ್ತು. ಕಾಗವಾಡ ಕಡೆಯ ಶಾಲೆಯಲ್ಲಿ ನಾನು ಕಲಿಸುವ ಆರನೆಯ ತರಗತಿಯ ಮಕ್ಕಳಿಗೆ ಕೊನೆಯವರೆಗೂ ಕಳ್ಳ ಸಿಗಬಾರದು. ಮೊದಲ ಅಧ್ಯಾಯ ಓದಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು.

"ಟೀಚರ್ರೀ, ಕಳ್ಳ ವಾಚ್‌ಮನ್ ಅಲ್ರಿ, ಡ್ರಾಯಿಂಗ್ ಸರ್ ಅದಾರ್ರಿ. ಮನೂಕ ಕೆಂಪಾಗಿರ್ತಾವಲ್ರಿ, ಅದಕ್ಕ ಹಗಲ್ಹೊತ್ತಿನ್ಯಾಗ ಬಂದಾರಂತ ಗೊತ್ತಾಗತೈತ್ರಿ."

ಹೌದು, ಕಳ್ಳ ಅವರೇ. ಆದರೆ ಕೆಂಪಾದ ಒಣದ್ರಾಕ್ಷಿಯ ಸುದ್ದಿಯನ್ನು ನಾನಿನ್ನೂ ಓದಿಯೇ ಇರಲಿಲ್ಲ.

"ನಿನಗ ಹೆಂಗ ಗೊತ್ತ?"

"ನಮ್ಮ ಅತ್ತಿ ಮಿರಜದಿಂದ ಪುಸ್ತಕ ತಂದಾಳ್ರಿ. ಮರಾಠಿ ಐತ್ರಿ."

ನಾಲ್ಕನೆಯವರೆಗೆ ಮರಾಠಿ ಶಾಲೆಯಲ್ಲಿ ಕಲಿತ ಹುಡುಗಿ ಅವಳು. ಮರುದಿನ ಪುಸ್ತಕ ತಂದುಕೊಟ್ಟಳು. ಮುಖಪುಟದಲ್ಲಿ ನನ್ನ ಗೆಳತಿಯ ಹೆಸರಿತ್ತು. ಅಲ್ಲಿಂದಲೇ ಅವಳಿಗೆ ಫೋನ್ ಮಾಡಿದೆ.

"ನೀ ಬರೇ ಬಾಯ್ಲೆ ಹೇಳಿದಿ, ಕುಂತು ಬರದಾಕಿ ನಾನ" ಎಂದಳು. ದನಿಯಲ್ಲಿ ಅಳುಕೇ ಇರಲಿಲ್ಲ. "ಮತ್ತ ನಿನ್ನ ಮರತಿಲ್ಲ ಬೇ. ಮೊದಲ್ನೇ ಪಾನದಾಗ ಆಭಾರ ಹೇಳೇನಿ, ನೋಡ."

ಮೊದಲ ಪುಟ ತೆರೆದು ನೋಡಿದೆ. 'ದ್ರಾಕ್ಷಿ ಒಣಗಿಸುವ ಮಾಹಿತಿ ಕೊಟ್ಟ ರೈತ ಗೆಳತಿಗೆ' ಎಂದು ಮರಾಠಿಯಲ್ಲಿತ್ತು. ನನ್ನ ಹೆಸರೂ ಇಲ್ಲ. ಇಪ್ಪತ್ತು ವರ್ಷದ ಗೆಳೆತನದಲ್ಲಿ ನಾನು ಅವಳಿಂದ ಒಂದು ಮಾತನ್ನೂ ಮುಚ್ಚಿಟ್ಟವಳಲ್ಲ.

ಹುಡುಗಿ ಇನ್ನೂ ಮೇಜಿನ ಬಳಿ ನಿಂತಿದ್ದಳು.

"ಟೀಚರ್ರೀ, ನೀವು ಇದನ್ನ ನೋಡಿ ಬರದೀರೇನ್ರಿ?"

"ಇಲ್ಲವ್ವಾ, ನಂದ ಇದು."

"ಹೂನ್ರಿ" ಎಂದಳು, ನನಗೆ ಬೇಸರವಾಗಬಾರದೆಂದು.