ಅಕ್ಕಿಯಲ್ಲಿ ಬರೆದ ಹೆಸರು

ನನ್ನ ನೆಗೆಣ್ಣಿ ವಿದ್ಯಾವತಿಯನ್ನು ಹೋದ ಶ್ರಾವಣದಲ್ಲಿ ಕಮಲಾಪುರದ ರುದ್ರಭೂಮಿಯಲ್ಲಿ ಮಣ್ಣು ಮಾಡಿದೆವು. ಸರ್ಕಾರದ ಕಾಗದದ ಪ್ರಕಾರ ಆ ದಿನ ಸತ್ತವಳು ವಿಮಲಾಬಾಯಿ. ವಿಮಲಾಬಾಯಿ ಅವಳ ಅಕ್ಕ. ಆಕೆ ತೀರಿ ಐವತ್ತೆಂಟು ವರ್ಷವಾಗಿತ್ತು.

ನನ್ನ ಗಂಡನ ಅಣ್ಣ ದೌಲಪ್ಪ ಮಿಲ್ಟ್ರಿಯಲ್ಲಿದ್ದ. ನಾನು ಕಮಲಾಪುರದ ಆ ಮನೆಗೆ ಸೊಸೆಯಾಗಿ ಹೋದಾಗ ಅವನ ಹೆಂಡತಿ ವಿಮಲಾ ನನಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳು. ಮರುವರ್ಷ, ಅಂದರೆ ಅರವತ್ತಾರರಲ್ಲಿ, ಶಿವಲಿಂಗನನ್ನು ಹೆತ್ತು ಮೂರನೆಯ ದಿನ ಜ್ವರದಲ್ಲಿ ಹೋದಳು. ಮನೆಯಲ್ಲೇ ಸತ್ತಳು. ಮೈ ತೊಳೆದವರಲ್ಲಿ ನಾನೂ ಒಬ್ಬಳು. ಸಾವನ್ನು ಎಲ್ಲಿಯೋ ಬರೆಸಬೇಕು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಕೂಸಿಗೆ ತಾಯಿ ಬೇಕು ಎಂದು ಹಿರಿಯರು ವಿಮಲಾಳ ತಂಗಿಯನ್ನೇ ತಂದರು. ವಿದ್ಯಾವತಿಗೆ ಆಗ ಹದಿನೈದು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಗಂಡು ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ದೌಲಪ್ಪ ಭಾವ ಯಾವ ಹೆಸರು ಬರೆಯಲಿ ಎಂದು ಕೇಳಿದ.

ಅತ್ತೆ ಹೇಳಿದಳು: "ಪಲ್ಟನ್ ದಫ್ತರದಾಗ ವಿಮಲಾ ಅಂತ ಐತಿಲ್ಲೋ? ಅದನ್ನಽ ಬರಿ. ಸಾಹೇಬರ ಮುಂದ ಹೋಗಿ ಆಕಿ ಸತ್ತಳು, ಈಕಿ ಬಂದಳು ಅಂತ ಎಷ್ಟು ಸಲ ಹೇಳತಿ?"

ವಿಮಲಾಳ ತಾಯಿಯೂ ಬೇಡ ಎನ್ನಲಿಲ್ಲ. ಮಗಳ ಹೆಸರು ಉಳಿಯಿತಲ್ಲ ಎಂದು ಅತ್ತಳು. ಭಾವ ಬರೆದ. ಹುಡುಗಿ ತಲೆ ಎತ್ತಲಿಲ್ಲ.

ಅಂದಿನಿಂದ ಅವಳು ವಿಮಲಾ. ರೇಶನ್ ಚೀಟಿ, ಆಧಾರ, ಎಲ್ಲದರಲ್ಲೂ ಅದೇ ಹೆಸರು. ಭಾವ ಪೆನ್ಶನ್ ತಗೊಂಡು ಬಂದು ಕಲಬುರಗಿಯ ಗಾಜಿಪುರದಲ್ಲಿ ಮನೆ ಮಾಡಿದ. ನಮ್ಮದು ಪಕ್ಕದ ಮನೆ. ಭಾವ ತೀರಿದ ಮೇಲೆ ಅವಳು ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ, ತಾನು ಜೀವಂತ ಇದ್ದೇನೆ ಎಂದು ಹೆಬ್ಬೆಟ್ಟು ಒತ್ತಿ ಬರುತ್ತಿದ್ದಳು. ಬಂದವಳು ನನ್ನ ಕಟ್ಟೆಯ ಮೇಲೆ ಕೂತು ಒಮ್ಮೆ ಹೇಳಿದಳು: "ಈ ವರ್ಷನೂ ಅಕ್ಕನ್ನ ಬದುಕಿಸಿ ಬಂದೆ, ನೋಡು."

ಎರಡು ವರ್ಷದ ಹಿಂದೆ ಅಂಬರೀನ್ ಎಂಬ ಹುಡುಗಿ ಬಂದಳು. ಕಾಲೇಜಿನಲ್ಲಿ ಇತಿಹಾಸ ಹೇಳುತ್ತಾಳೆ. ಕಮಲಾಪುರ ಸೀಮೆಯ ಸಿಪಾಯಿಗಳ ಮನೆತನಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದಳು. ಮನೆ ಮನೆಗೆ ಹೋಗಿ ಹಳೆಯ ಪೆನ್ಶನ್ ಕಾಗದ ಕೇಳುತ್ತಿದ್ದಳು.

"ಹೊಲ ಇದ್ದವರ ಹೆಸರು ಪಹಣಿಯಾಗ ಸಿಗ್ತಾವ, ಆಯಿ," ಎಂದಳು ನನಗೆ. "ಹೊಲ ಇಲ್ಲದವರ ಅಪ್ಪ ಯಾರು, ಊರು ಯಾವುದು, ಮೈಮ್ಯಾಲ ಮಚ್ಚಿ ಎಲ್ಲಿತ್ತು, ಇವೆಲ್ಲಾ ಮಿಲ್ಟ್ರಿಯವರಷ್ಟಽ ಬರಕೊಂಡಾರ."

ಶಿವಲಿಂಗ ಅಪ್ಪನ ಟ್ರಂಕು ತೆಗೆದು ಕೊಟ್ಟ. ಅವಳು ವಾರ ಕಳೆದು ನಗುತ್ತ ಬಂದು ವಿದ್ಯಾವತಿಯ ಮುಂದೆ ಕೂತಳು.

"ಆಯಿ, ಅರವತ್ಮೂರರ ಪಲ್ಟನ್ ಕಾಗದದಾಗ ನಿಮಗ ಹದಿನೇಳು ವರ್ಷ. ಎಪ್ಪತ್ತೊಂಬತ್ತರ ಪೆನ್ಶನ್ ಕಾಗದದಾಗ ಇಪ್ಪತ್ತೆಂಟು! ಹದಿನಾರು ವರ್ಷದಾಗ ಬರೇ ಹನ್ನೊಂದು ವರ್ಷ ದೊಡ್ಡವರಾಗೀರಿ. ಏನು ತಿಂತಿದ್ರಿ, ನಮಗೂ ಹೇಳ್ರಿ. ಕಾರಕೂನನ ತಪ್ಪು ಇರಬೇಕು."

ವಿದ್ಯಾವತಿ ನಗಲಿಲ್ಲ. ಗಂಡ ಹೆಸರನ್ನು ಸುಳ್ಳು ಬರೆಸಿದ್ದ, ವಯಸ್ಸನ್ನು ನಿಜ ಬರೆಸಿದ್ದ ಎಂಬುದು ಅವಳಿಗೆ ಅಂದೇ ಗೊತ್ತಾಯಿತು.

"ತಪ್ಪಲ್ಲವ್ವ," ಎಂದಳು. "ಆಕಿ ಬ್ಯಾರೆ, ನಾ ಬ್ಯಾರೆ." ಕೂತು ಎಲ್ಲವನ್ನೂ ಹೇಳಿದಳು. ಕೊನೆಗೆ, "ನಾ ಸಾಯೂದ್ರೊಳಗ ಅಕ್ಕನ್ನ ಅಕ್ಕ ಅಂತ, ನನ್ನ ನಾನಂತ ಬರಿ. ಆಮ್ಯಾಲ ಆಧಾರದಾಗೂ ಮಾಡಸು. ಮತ್ತೇನೂ ಬ್ಯಾಡ," ಎಂದಳು.

ಅಂಬರೀನ್ ವಕೀಲರನ್ನು ಕೇಳಿ ಬಂದಳು. ವಿಮಲಾಳ ಸಾವನ್ನು ಕಂಡವರು ಇಬ್ಬರು ಸಾಕ್ಷಿ ಹೇಳಬೇಕು, ಮಗ ಸಹಿ ಹಾಕಬೇಕು. ಒಬ್ಬ ಸಾಕ್ಷಿ ನಾನು. ಇನ್ನೊಬ್ಬರನ್ನು ಹುಡುಕಿಕೊಂಡು ಮೂವರೂ ಕಮಲಾಪುರದ ಬಸ್ಸು ಹತ್ತಿದೆವು. ವಿಮಲಾಳ ಕುಣಿ ತೋಡುವಾಗ ಕೆಳಗೆ ಬಂಡೆ ಬಂದಿತ್ತು. ಅದನ್ನು ಒಡೆದವನು ಕಲ್ಲುಕುಟಿಗರ ನಬಿಸಾಬ್. ಮುದುಕನಿಗೆ ಕಣ್ಣು ಮಂಜಾಗಿತ್ತು, ಬಾಯಿ ಮಾತ್ರ ಹಾಗೇ ಇತ್ತು.

"ಯಾರವ್ವಾ?" ಎಂದ.

"ದೌಲಪ್ಪನ ಮನಿಯಾಕಿ," ಎಂದಳು ವಿದ್ಯಾವತಿ.

"ಏ ವಿದ್ಯಾ! ಇನ್ನೂ ಇದ್ದೀ? ಹುಣಸಿಗಿಡದಾಗ ಕುಂತು ನನ್ನ ತಲಿಮ್ಯಾಲ ಕಾಯಿ ಒಗೀತಿದ್ದಿ, ಬದ್ಮಾಶ್!"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಆತು ನಿಂತಳು. ಅವಳ ತಾಯಿ ಸತ್ತ ಮೇಲೆ ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ನಾನೂ ಅಕ್ಕ ಎಂದೇ ಅನ್ನುತ್ತಿದ್ದೆ. ನಬಿಸಾಬ್ ಹೆಬ್ಬೆಟ್ಟು ಒತ್ತಿದ.

ಉಳಿದದ್ದು ಶಿವಲಿಂಗನ ಸಹಿ.

"ಅವ್ವಾ, ನಿನಗ ಹುಚ್ಚು ಹಿಡದದೇನು?" ಎಂದ. "ಇಷ್ಟು ವರ್ಷ ಸರ್ಕಾರಕ್ಕ ಸುಳ್ಳು ಹೇಳೀರಿ ಅಂತ ಕೇಸ್ ಹಾಕಿದ್ರ ಯಾರು ಅಡ್ಡಾಡಬೇಕು?"

"ಕೇಸ್ ಆಗಂಗಿಲ್ಲ ಅಂದಾರಪ್ಪ ವಕೀಲರು. ನಾನೂ ಕಟಗೊಂಡ ಹೆಂಡತಿನಽ."

"ಮತ್ತ ಯಾಕ ಬೇಕು? ನನಗ ಇಬ್ಬರು ಅವ್ವ ಬ್ಯಾಡ. ನೀನಽ ನಮ್ಮವ್ವ."

"ನಿನ್ನ ಹಡದಾಕಿ ಸತ್ತಾಳ ಅಂತ ಎಲ್ಲೂ ಬರದಿಲ್ಲೋ, ಶಿವೂ."

"ಬರದಿಲ್ಲಂದ್ರ ಸತ್ತಿಲ್ಲ ಬಿಡು," ಎಂದು ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅವನು ಕೆಟ್ಟವನಲ್ಲ. ಅವಳಿಗೆ ಒಂದು ಹೊತ್ತಿನ ಗುಳಿಗೆ ತಪ್ಪಿಸಿದವನಲ್ಲ. ಅವಳ ಹೆಗಲ ಮೇಲೆ ಬೆಳೆದ ಮಗ. ಅವಳು ತನ್ನ ತಾಯಿಯಲ್ಲ ಎಂದು ತನ್ನ ಕೈಯಿಂದಲೇ ಬರೆಯಲು ಅವನಿಂದ ಆಗಲಿಲ್ಲ. ಅವಳೂ ಬಿಡಲಿಲ್ಲ. ದಿನಾ ಊಟಕ್ಕೆ ಬಡಿಸುವಾಗ ಕಾಗದ ತಂದು ತಾಟಿನ ಪಕ್ಕದಲ್ಲಿ ಇಡುತ್ತಿದ್ದಳು. ಅವನು ಉಂಡು ಕೈತೊಳೆದು ಏಳುತ್ತಿದ್ದ. ಹೀಗೇ ವರ್ಷ ದಾಟಿತು.

ಶ್ರಾವಣದಲ್ಲಿ ಅವಳಿಗೆ ಲಕ್ವಾ ಹೊಡೆಯಿತು. ದವಾಖಾನೆಯಲ್ಲಿ ನರ್ಸು "ವಿಮಲಾಬಾಯಿ, ವಿಮಲಾಬಾಯಿ" ಎಂದು ಕೂಗಿದರೆ ಕಣ್ಣು ತೆರೆಯಲಿಲ್ಲ. ನಾನು ಕಿವಿಯಲ್ಲಿ "ವಿದ್ಯಾ" ಎಂದೆ. ಅದಕ್ಕೂ ತೆರೆಯಲಿಲ್ಲ. ಬೆಳಗಾಗುವುದರೊಳಗೆ ಹೋದಳು. ಕಮಲಾಪುರಕ್ಕೆ ಒಯ್ದು ಅಕ್ಕನ ಪಕ್ಕದಲ್ಲೇ ಮಣ್ಣು ಮಾಡಿದೆವು. ಜಾಗ ತೋರಿಸಿದವನು ನಬಿಸಾಬ್.

ಅಂಬರೀನಳ ಪುಸ್ತಕ ಬಂದಿದೆ. ಅದರಲ್ಲಿ ನಮ್ಮ ಮನೆತನ ಇಲ್ಲ. ಒಬ್ಬಳೇ ಹೆಂಡತಿ ಎಂದು ಹಾಕು ಎಂದ ಶಿವಲಿಂಗ. ಸುಳ್ಳು ಹಾಕಲಾರೆ ಎಂದಳು ಅವಳು. ಅವನ ಒಪ್ಪಿಗೆಯಿಲ್ಲದೆ ನಿಜವನ್ನೂ ಹಾಕಲಾಗಲಿಲ್ಲ. ದೌಲಪ್ಪ ಭಾವನ ಹೆಸರೂ ಬಿಟ್ಟುಹೋಯಿತು.

ತಿಥಿ ಮುಗಿದ ಮೇಲೆ ಶಿವಲಿಂಗ ನನ್ನಲ್ಲಿಗೆ ಒಂದು ಕಾಗದ ತಂದ. ಪೆನ್ಶನ್ ಬಂದ್ ಮಾಡಿಸಲು. ದೌಲಪ್ಪನ ಹೆಂಡತಿ ವಿಮಲಾಬಾಯಿ ತೀರಿದ್ದು ನಿಜ ಎಂದು ಗೊತ್ತಿದ್ದವರೊಬ್ಬರು ಸಹಿ ಹಾಕಬೇಕಿತ್ತು.

"ಚಿಗವ್ವಾ, ಇಲ್ಲಿ," ಎಂದು ಬೆರಳಿಟ್ಟು ತೋರಿಸಿದ.

ನಾನು ಚಷ್ಮಾ ಹಾಕಿಕೊಂಡು ಪೂರಾ ಓದಿದೆ.

"ವಿಮಲಾ ಸತ್ತಾಗ ನಾ ಅಲ್ಲೇ ಇದ್ದೆ," ಎಂದೆ. "ಆ ಸಾವಿಗೆ ಸಹಿ ಹಾಕ್ತೀನಿ. ತಾರೀಖು ಬದಲಿಸಿಕೊಂಡು ಬಾ. ಅರವತ್ತಾರು ಅಂತ ಬರಿ. ಈ ಶ್ರಾವಣದಾಗ ಹೋದಾಕಿ ವಿದ್ಯಾವತಿ. ಆಕೀದು ಬ್ಯಾರೆ ಕಾಗದ ತಾ, ಅದಕ್ಕೂ ಹಾಕ್ತೀನಿ."

ಅವನು ಕಾಗದ ಮಡಚಿ ಕಿಸೆಯಲ್ಲಿಟ್ಟುಕೊಂಡ. ಅವತ್ತೇ ಸಂಜೆ, ಹೋದ ವರ್ಷ ನಮ್ಮ ಓಣಿಗೆ ಬಾಡಿಗೆಗೆ ಬಂದ ಮಾಸ್ತರರು ಅದಕ್ಕೆ ಸಹಿ ಹಾಕಿಕೊಟ್ಟರಂತೆ. ಅವರಿಗೆ ಅವಳ ಮುಖವೂ ಸರಿಯಾಗಿ ನೆನಪಿಲ್ಲ.

ಶಿವಲಿಂಗ ಈಗಲೂ ನಮ್ಮ ಮನೆಯ ಮುಂದೆಯೇ ಹಾಯ್ದು ಕೆಲಸಕ್ಕೆ ಹೋಗುತ್ತಾನೆ. ಮಾತಾಡಿಸುವುದಿಲ್ಲ.